ಹೊಸ ಪುಸ್ತಕ ಕೈಗೆ ಬರುವ ಮುಂಚೆ

ಚಳಿ ಶುರುವಾದ ಮೊದಲ ವಾರ. ಬೆಳಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿದ್ದೆ. ಒಳಗೆ ಕಾಲಿಡುವ ಜಾಗದಲ್ಲೇ ಒಂಬತ್ತು ರಟ್ಟಿನ ಪೆಟ್ಟಿಗೆಗಳು ಒಂದರ ಮೇಲೊಂದು ಕೂತಿದ್ದವು. ನೋಡಿದ ಕೂಡಲೇ ಗೊತ್ತಾಯಿತು, ಹೊಸ ಪುಸ್ತಕ ಬಂದಿವೆ.

ಪ್ರತಿ ವರ್ಷ ನಾನು ಈ ಪೆಟ್ಟಿಗೆಗಳಿಗಾಗಿ ಕಾಯುತ್ತೇನೆ. ಪ್ರತಿ ವರ್ಷವೂ ಬೇಸರ ಆಗುವುದು ಇವು ಬಂದ ಮೇಲೆಯೇ. ಪೆಟ್ಟಿಗೆಗಳು ಹಿಂದಿನ ಕೋಣೆಗೆ ಹೋಗುತ್ತವೆ, ಬಾಗಿಲು ಮುಚ್ಚುತ್ತದೆ, ಎರಡು ಮೂರು ವಾರ ಯಾವ ಪುಸ್ತಕವೂ ಆಚೆ ಬರುವುದಿಲ್ಲ. ಪುಸ್ತಕ ಇಲ್ಲೇ ಇದೆ, ಓದುವವರೂ ಇಲ್ಲೇ ಇದ್ದೇವೆ, ನಡುವೆ ಒಂದು ಬಾಗಿಲು. ಯಾಕೆ ಇಷ್ಟು ತಡ ಅಂತ ಈ ಸಲ ಕೇಳಿಯೇ ಬಿಟ್ಟೆ.

ಲೈಬ್ರೇರಿಯನ್ ಮೇಡಂ ಕೋಪ ಮಾಡಿಕೊಳ್ಳಲಿಲ್ಲ. "ನಿಮಗೆ ಪುರುಸೊತ್ತಿದ್ದರೆ ನೀವೇ ಬನ್ನಿ. ನಮಗೂ ಇನ್ನೊಂದು ಜೊತೆ ಕೈ ಬೇಕು. ಕೆಲಸ ಮಾಡ್ತಾ ಮಾಡ್ತಾ ನಿಮಗೇ ಗೊತ್ತಾಗುತ್ತೆ" ಅಂದರು. ನನಗೆ ರಜೆ ಇತ್ತು. ಒಪ್ಪಿಕೊಂಡೆ. ಹದಿಮೂರು ದಿನ ಆ ಕೋಣೆಯಲ್ಲಿ ಅವರ ಜೊತೆ, ಅಟೆಂಡರ್ ಅಣ್ಣನ ಜೊತೆ ಕೂತೆ.

ಮೊದಲ ದಿನ ಪೆಟ್ಟಿಗೆಗಳನ್ನು ಒಳಗೆ ಸಾಗಿಸಿದ್ದಷ್ಟೇ ಕೆಲಸ. ನಾನು ಕತ್ತರಿ ಎತ್ತಿಕೊಂಡಿದ್ದೆ. ಮೇಡಂ ತಡೆದರು. "ಇವತ್ತು ಬೇಡ. ಮುಟ್ಟಿ ನೋಡಿ."

ಮುಟ್ಟಿದೆ. ಪೆಟ್ಟಿಗೆ ತಣ್ಣಗೆ ಕೊರೆಯುತ್ತಿತ್ತು. ರಾತ್ರಿಯಿಡೀ ಲಾರಿಯಲ್ಲಿ ಚಳಿಯಲ್ಲಿ ಬಂದ ಪುಸ್ತಕಗಳು. ಕೋಣೆಯ ಗಾಳಿ ಬೆಚ್ಚಗಿತ್ತು. ತಣ್ಣಗಿರುವ ವಸ್ತುವನ್ನು ತಟ್ಟನೆ ಬೆಚ್ಚನೆಯ ಗಾಳಿಗೆ ತೆರೆದಿಟ್ಟರೆ ಗಾಳಿಯಲ್ಲಿರುವ ತೇವ ಅದರ ಮೇಲೆ ಹನಿಗಟ್ಟುತ್ತದೆ. ಚಳಿಯಿಂದ ಒಳಗೆ ಬಂದಾಗ ಕನ್ನಡಕದ ಮೇಲೆ ಮಂಜು ಕೂರುತ್ತದಲ್ವಾ, ಅದೇ. ಕನ್ನಡಕವಾದರೆ ಒರೆಸಬಹುದು. ಕಾಗದ ಆ ತೇವವನ್ನು ಕುಡಿದುಬಿಡುತ್ತದೆ. ಲ್ಯಾಮಿನೇಷನ್ ಮಾಡಿದ ರಕ್ಷಾಪುಟವಾದರೆ ಇನ್ನೂ ಕಷ್ಟ. ಹೊರಗಿನ ಪ್ಲಾಸ್ಟಿಕ್ ಪದರ ತೇವ ಹೀರುವುದಿಲ್ಲ, ಒಳಗಿನ ಕಾಗದ ಹೀರಿ ಹಿಗ್ಗುತ್ತದೆ. ಒಂದು ಮಗ್ಗುಲು ಮಾತ್ರ ಹಿಗ್ಗಿದರೆ ರಕ್ಷಾಪುಟ ಹೊರಕ್ಕೆ ಸುರುಳಿ ಸುತ್ತಿಕೊಳ್ಳುತ್ತದೆ. ಹೊಸ ಪುಸ್ತಕದ ಮುಖಪುಟ ಬಾಯಿ ತೆರೆದ ಹಾಗೆ ಎದ್ದು ನಿಂತಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೆ. ಕಾರಣ ಯೋಚಿಸಿರಲಿಲ್ಲ.

ಹಾಗಾಗಿ ಒಂದು ಇಡೀ ದಿನ ಪೆಟ್ಟಿಗೆಗಳು ಮುಚ್ಚಿಕೊಂಡೇ ಇದ್ದವು, ನಿಧಾನವಾಗಿ ಕೋಣೆಯ ಬಿಸಿಗೆ ಬರಲಿ ಅಂತ. ನೆಲದ ಮೇಲಲ್ಲ, ಮರದ ಹಲಗೆಗಳ ಮೇಲೆ. ಗೋಡೆಗೆ ತಾಗದ ಹಾಗೆ. ನೆಲ, ಗೋಡೆ ಎರಡರಿಂದಲೂ ತಂಡಿ ಏರುತ್ತದೆ ಅಂತ ಅಣ್ಣ ಹೇಳಿದರು. ನಾನು ಕಾದ ವಾರಗಳಲ್ಲಿ ಒಂದು ದಿನದ ಲೆಕ್ಕ ಹೀಗೆ ಸಿಕ್ಕಿತು.

ಮರುದಿನ ಬಿಚ್ಚಿದೆವು. ಬ್ಲೇಡನ್ನು ಆಳಕ್ಕೆ ಇಳಿಸಬಾರದು. ಟೇಪ್ ಮಾತ್ರ ಸೀಳಬೇಕು, ಇಲ್ಲದಿದ್ದರೆ ಮೇಲಿನ ಪುಸ್ತಕದ ಮುಖಕ್ಕೇ ಗೆರೆ ಬೀಳುತ್ತದೆ. ಪೆಟ್ಟಿಗೆಯ ಎರಡು ರೆಕ್ಕೆ ಎತ್ತಿದಾಗ ಬಂದ ಆ ವಾಸನೆ, ಶಾಯಿ, ಅಂಟು, ಹೊಸ ಕಾಗದ ಎಲ್ಲ ಕಲೆತದ್ದು, ಅದನ್ನು ನಾನು ಹೇಗೆ ಹೇಳಲಿ! ಮೂರು ಜನರೂ ಒಂದು ಗಳಿಗೆ ಸುಮ್ನೆ ನಿಂತೆವು. ಮೇಡಂಗೆ ಇದು ಎಷ್ಟನೇ ವರ್ಷವೋ. ಆದರೂ ಅವರ ಮುಖ ಅರಳಿತ್ತು.

ಆಮೇಲೆ ಬಿಲ್ಲು ತಾಳೆ ನೋಡುವ ಕೆಲಸ. ಅವರು ಬಿಲ್ಲಿನಿಂದ ಒಂದೊಂದೇ ಸಾಲು ಓದುತ್ತಾರೆ. ಪುಸ್ತಕದ ಹೆಸರು, ಬರೆದವರು, ಆವೃತ್ತಿ, ಎಷ್ಟು ಪ್ರತಿ. ನಾನು ಹುಡುಕಿ ತೋರಿಸಬೇಕು, ಅಣ್ಣ ಜೋಡಿಸಬೇಕು. ಕೇಳಲು ಸಣ್ಣ ಕೆಲಸ. ಎರಡೂವರೆ ದಿನ ಹಿಡಿಯಿತು. ಬಿಲ್ಲಿನಲ್ಲಿ 386 ಪ್ರತಿ ಇತ್ತು, ನಮ್ಮ ಕೈಗೆ ಬಂದದ್ದು 384. ಇಲ್ಲದ ಎರಡರಲ್ಲಿ ಒಂದು, ಒಬ್ಬ ಹುಡುಗಿ ತಿಂಗಳುಗಟ್ಟಲೆಯಿಂದ ಕೇಳುತ್ತಿದ್ದ ಗಣಿತದ ಪುಸ್ತಕ. ಮೇಡಂ ಪೆಟ್ಟಿಗೆಗಳ ತಳದ ಕಾಗದ ಕೂಡ ಎತ್ತಿ ನೋಡಿದರು. ಸಿಗಲಿಲ್ಲ. ಅವತ್ತೇ ಕಳುಹಿಸಿದವರಿಗೆ ಬರೆದರು. ಆ ಹುಡುಗಿಗೂ ಹೇಳಿ ಕಳುಹಿಸಿದರು, ಸುಮ್ಮನೆ ಕಾಯುತ್ತಿರಬಾರದು ಅಂತ.

ಎಣಿಸಿದರೆ ಮುಗಿಯುವುದಿಲ್ಲ. ಪ್ರತಿ ಪುಸ್ತಕದ ಪುಟಗಳನ್ನೂ ನೋಡಬೇಕು. ಇದು ನನಗೆ ಅತಿ ಅನ್ನಿಸಿತ್ತು. 384 ಪುಸ್ತಕಗಳ ಪುಟ ತಿರುವುವುದೇ? ಮೇಡಂ ದಾರಿ ಹೇಳಿಕೊಟ್ಟರು. ಪುಸ್ತಕವನ್ನು ಪುಟಪುಟವಾಗಿ ಅಚ್ಚು ಹಾಕುವುದಿಲ್ಲ. ದೊಡ್ಡ ಹಾಳೆಯ ಮೇಲೆ ಹಲವು ಪುಟ ಒಟ್ಟಿಗೆ ಅಚ್ಚಾಗಿ, ಮಡಚಿದಾಗ ಒಂದು ಫಾರಂ ಆಗುತ್ತದೆ. ಸಾಮಾನ್ಯವಾಗಿ ಒಂದು ಫಾರಂಗೆ 16 ಪುಟ. ಹಾಗಾಗಿ ತಪ್ಪಾದರೂ ಫಾರಂ ಲೆಕ್ಕದಲ್ಲೇ ಆಗುತ್ತದೆ. ಒಂದು ಫಾರಂ ಬಿಟ್ಟುಹೋಗಿರುತ್ತದೆ, ಇಲ್ಲಾ ಎರಡು ಸಲ ಸೇರಿರುತ್ತದೆ, ಇಲ್ಲಾ ತಲೆಕೆಳಗಾಗಿರುತ್ತದೆ. 16, 32, 48 ಹೀಗೆ ಫಾರಂ ಮುಗಿಯುವ ಜಾಗಗಳನ್ನು ನೋಡಿಕೊಂಡು, ನಡುವಿನ ಪುಟಗಳನ್ನು ಹೆಬ್ಬೆರಳಿನಿಂದ ಓಡಿಸಿ, ಖಾಲಿ ಪುಟ ಬಂದರೆ ನಿಲ್ಲಬೇಕು. ಅಷ್ಟು ಸಾಕು.

ನಾಲ್ಕನೇ ದಿನ ಒಂದು ಕಾದಂಬರಿ ಸಿಕ್ಕಿತು. 96ನೇ ಪುಟ ಆದ ಮೇಲೆ ಮತ್ತೆ 81 ಬಂತು. ಅಲ್ಲಿಂದ ಮತ್ತೆ 96, ಆಮೇಲೆ ನೇರ 113. ಅಂದರೆ ಒಂದೇ ಫಾರಂ ಎರಡು ಸಲ ಸೇರಿ, 97ರಿಂದ 112ರವರೆಗಿನದು ಬಿಟ್ಟುಹೋಗಿತ್ತು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ದಪ್ಪ ಅಷ್ಟೇ ಇರುತ್ತದೆ. ಯಾರೋ ರಾತ್ರಿ ಕೂತು ಓದುತ್ತಾ, ಕಥೆ ಬಿಗಿಯಾಗುವ ಹೊತ್ತಿಗೆ ಹದಿನಾರು ಪುಟ ಮಾಯವಾದರೆ ಹೇಗಿರುತ್ತದೆ ಹೇಳಿ. ಆ ಪುಸ್ತಕ ವಾಪಸ್ ಹೋಯಿತು. ಉಳಿದದ್ದು 383.

ಪುಟ ನೋಡುವಾಗಲೇ ಇನ್ನೊಂದು ಕೆಲಸ ಕಲಿತೆ, ಹೊಸ ಪುಸ್ತಕ ತೆರೆಯುವುದು. ಇಷ್ಟು ವರ್ಷ ಓದಿದ್ದೇನೆ, ಇದು ಗೊತ್ತಿರಲಿಲ್ಲ. ಪುಸ್ತಕದ ಬೆನ್ನನ್ನು ಮೇಜಿನ ಮೇಲೆ ಊರಿ ನಿಲ್ಲಿಸಬೇಕು. ಮೊದಲು ಎರಡೂ ಕಡೆಯ ರಟ್ಟು ಮೆಲ್ಲಗೆ ಇಳಿಸಬೇಕು. ಆಮೇಲೆ ಮುಂದಿನಿಂದ ಕೆಲವು ಹಾಳೆ, ಹಿಂದಿನಿಂದ ಕೆಲವು ಹಾಳೆ, ಒಂದಾದ ಮೇಲೊಂದು ಬಿಡಿಸುತ್ತಾ ಬೆನ್ನಿನ ಪಕ್ಕ ಬೆರಳಿನಿಂದ ನೇವರಿಸುತ್ತಾ ನಡುವಿಗೆ ಬರಬೇಕು. ತಟ್ಟನೆ ನಡುವೆ ಬಿಚ್ಚಿದರೆ ಬೆನ್ನು ಅಲ್ಲೇ ಮುರಿಯುತ್ತದೆ. ಮುಂದೆ ಆ ಪುಸ್ತಕ ಯಾವಾಗಲೂ ಅದೇ ಪುಟಕ್ಕೆ ಬಿಚ್ಚಿಕೊಳ್ಳುತ್ತದೆ, ಮೊದಲು ಉದುರುವುದೂ ಅದೇ ಹಾಳೆ.

ಹೊಲಿಗೆ ಹಾಕಿದ ಪುಸ್ತಕಕ್ಕೆ ಈ ಭಯ ಕಡಿಮೆ. ಈಗಿನ ಬಹುಪಾಲು ಪುಸ್ತಕಗಳಿಗೆ ಬರಿ ಅಂಟು. ಬಿಸಿ ಮಾಡಿ ಹಚ್ಚುವ ಆ ಅಂಟು ಚಳಿಯಲ್ಲಿ ಗಡುಸಾಗುತ್ತದೆ, ಬಗ್ಗುವ ಬದಲು ಬಿರಿಯುತ್ತದೆ. ಚಳಿಗಾಲದಲ್ಲಿ ಬಂದ ಪುಸ್ತಕವನ್ನು ಇನ್ನೂ ಸಮಾಧಾನದಿಂದ ತೆರೆಯಬೇಕು ಅನ್ನುವುದು ಅದಕ್ಕೇ. ಅಣ್ಣ ಒಂದೊಂದು ಪುಸ್ತಕದ ಬೆನ್ನನ್ನೂ ನೇವರಿಸುವುದನ್ನು ನೋಡಿದರೆ ಎಳೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದಾರೆ ಅನ್ನಿಸುತ್ತಿತ್ತು. ಅವರ ಕೈಯಲ್ಲಿ ಒಂದು ಬೆನ್ನೂ ಬಿರಿಯಲಿಲ್ಲ. ನನ್ನ ಕೈಯಲ್ಲಿ ಒಂದು ಬಿರಿಯಿತು. ಪಟ್ ಅಂದ ಆ ಸದ್ದು ಇನ್ನೂ ಕಿವಿಯಲ್ಲಿದೆ.

ಐದನೇ ದಿನ ಅಕ್ಸೆಷನ್ ರಿಜಿಸ್ಟರ್ ತೆಗೆದರು. ಕಂಪ್ಯೂಟರ್ ಬಂದು ವರ್ಷಗಳಾಗಿವೆ, ಎಲ್ಲ ವಿವರ ಅದರಲ್ಲೂ ಸೇರುತ್ತದೆ. ಆದರೂ ಈ ದಪ್ಪ ಪುಸ್ತಕ ನಿಂತಿಲ್ಲ. ನಿಲ್ಲಬಾರದು ಅಂತಲೇ ನನಗೂ ಈಗ ಅನ್ನಿಸುತ್ತದೆ. ಗ್ರಂಥಾಲಯಕ್ಕೆ ಬಂದ ಪ್ರತಿ ಪ್ರತಿಗೂ ಇದರಲ್ಲಿ ಒಂದು ಸಾಲು. ತಾರೀಖು, ನಂಬರ್, ಬರೆದವರು, ಹೆಸರು, ಪ್ರಕಾಶಕರು, ವರ್ಷ, ಪುಟ, ಎಲ್ಲಿಂದ ಬಂತು, ಬಿಲ್ಲಿನ ನಂಬರ್. ಕೊನೆಯಲ್ಲಿ ಒಂದು ಖಾಲಿ ಅಂಕಣ. ಮುಂದೆ ಯಾವಾಗಲಾದರೂ ಪುಸ್ತಕ ಕಳೆದರೆ, ಹರಿದು ಹೋದರೆ ಬರೆಯುವುದಕ್ಕೆ. ಒಂದೇ ಪುಸ್ತಕದ ಮೂರು ಪ್ರತಿ ಬಂದರೆ ಮೂರು ಸಾಲು, ಮೂರು ನಂಬರ್. ಒಂದು ಸಲ ಕೊಟ್ಟ ನಂಬರ್ ಮತ್ತೆ ಬೇರೆ ಪುಸ್ತಕಕ್ಕೆ ಹೋಗುವುದಿಲ್ಲ. ಪುಸ್ತಕ ಹೋದರೂ ಅದರ ಸಾಲು ಉಳಿಯುತ್ತದೆ.

ನಮ್ಮ ಈ ವರ್ಷದ ಮೊದಲ ನಂಬರ್ 21408. ಕೊನೆಯದು 21790.

ಮೇಡಂ ರಿಜಿಸ್ಟರ್ ಬರೆಯುತ್ತಿದ್ದರು. ಮುದ್ರೆ ಒತ್ತಿ ಪುಸ್ತಕದೊಳಗೆ ನಂಬರ್ ಬರೆಯುವುದು ನನ್ನ ಪಾಲಿಗೆ ಬಂತು. ಮೂರು ಕಡೆ ಬರೆಯಬೇಕು. ಶೀರ್ಷಿಕೆ ಪುಟದ ಹಿಂದೆ, ಕೊನೆಯ ಪುಟದಲ್ಲಿ, ಮತ್ತೆ ಗುಟ್ಟಿನ ಪುಟದಲ್ಲಿ. ಹಲವು ಗ್ರಂಥಾಲಯಗಳು ತಮಗೆ ಬೇಕಾದ ಒಂದು ಪುಟಸಂಖ್ಯೆ ಆರಿಸಿಕೊಂಡು, ತಮ್ಮ ಎಲ್ಲ ಪುಸ್ತಕದಲ್ಲೂ ಆ ಪುಟದ ಮೇಲೆ ಗುರುತು ಹಾಕುತ್ತವೆ. ಯಾರಾದರೂ ಮುಂದಿನ, ಹಿಂದಿನ ಹಾಳೆ ಕಿತ್ತುಹಾಕಿದರೂ ಪುಸ್ತಕ ಯಾರದು ಅಂತ ಇದರಿಂದ ತಿಳಿಯುತ್ತದೆ. ನಮ್ಮ ಪುಟ ಯಾವುದು ಅಂತ ನಾನು ಇಲ್ಲಿ ಹೇಳುವುದಿಲ್ಲ.

ಮುದ್ರೆ ಒತ್ತುವುದಕ್ಕೂ ರೀತಿ ಇದೆ. ಅಕ್ಷರದ ಮೇಲೆ, ಚಿತ್ರದ ಮೇಲೆ ಬೀಳಬಾರದು. ಶಾಯಿ ಚಳಿಯಲ್ಲಿ ಬೇಗ ಆರುವುದಿಲ್ಲ. ಒತ್ತಿದ ತಕ್ಷಣ ಮುಚ್ಚಿದರೆ ಎದುರಿನ ಪುಟಕ್ಕೆ ನೆರಳಿನ ಹಾಗೆ ಅಚ್ಚಾಗುತ್ತದೆ. ಹಳೆಯ ಕಾಗದದ ಚೂರುಗಳನ್ನು ನಡುವೆ ಇಟ್ಟು ಮುಂದಕ್ಕೆ ಹೋಗುತ್ತಿದ್ದೆ.

ಆರನೇ ದಿನ ಸಂಜೆ ನನ್ನಿಂದ ದೊಡ್ಡ ತಪ್ಪಾಯಿತು. ಒಂದು ಪುಸ್ತಕದ ಎರಡು ಪ್ರತಿಗಳು ಒಟ್ಟಿಗೆ ಇದ್ದವು. ರಿಜಿಸ್ಟರ್‌ನಲ್ಲಿ ಅವಕ್ಕೆ 21463, 21464. ನಾನು ಎರಡಕ್ಕೂ 21463 ಅಂತಲೇ ಬರೆದೆ. ಹೆಸರು ಒಂದೇ ಅಲ್ವಾ, ಕೈ ತಾನಾಗಿ ಬರೆದುಬಿಟ್ಟಿತು. ಅಲ್ಲಿಂದ ಮುಂದೆ ಪ್ರತಿಯೊಂದೂ ಒಂದೊಂದು ನಂಬರ್ ಹಿಂದೆ. ರಾಶಿಯ ಕೊನೆಗೆ ಬಂದಾಗ ರಿಜಿಸ್ಟರ್‌ನ ಸಾಲು ಅಡುಗೆ ಪುಸ್ತಕ ಅನ್ನುತ್ತಿದೆ, ನನ್ನ ಕೈಯಲ್ಲಿರುವುದು ನಾಟಕ. ಎದೆ ಧಸಕ್ ಅಂತು. ಆ ಎರಡನೇ ಪ್ರತಿಯೂ ಸೇರಿ 27 ಪುಸ್ತಕ ತಪ್ಪಾಗಿದ್ದವು. ಒಂದೊಂದರಲ್ಲಿ ಮೂರು ಕಡೆ. ಒಟ್ಟು 81 ತಿದ್ದುಪಡಿ.

ಬಿಳಿ ಬಣ್ಣ ಹಚ್ಚಿ ಅಳಿಸಬಹುದಾ ಅಂತ ಕೇಳಿದೆ. ಮೇಡಂ ಬೇಡ ಅಂದರು. ಈ ನಂಬರ್ ಅಳಿಸಿ ಬರೆಯುವಂಥದ್ದಲ್ಲ. ತಪ್ಪಿನ ಮೇಲೆ ಕೆಂಪು ಶಾಯಿಯಲ್ಲಿ ಒಂದೇ ಗೆರೆ, ಅಡಿಯಲ್ಲಿನ ಅಂಕಿ ಓದುವ ಹಾಗೆ ಇರಬೇಕು. ಪಕ್ಕದಲ್ಲಿ ಸರಿಯಾದ ನಂಬರ್, ಅದರ ಮುಂದೆ ಅವರ ಸಣ್ಣ ಸಹಿ. ಯಾವುದೋ ದಿನ ಯಾರೋ ಲೆಕ್ಕ ನೋಡುವಾಗ ಇಲ್ಲಿ ಏನಾಯಿತು ಅಂತ ಅವರಿಗೆ ಕಾಣಬೇಕು. ಕತ್ತಲಾಗುವವರೆಗೆ ಇಬ್ಬರೂ ಕೂತು 81 ಕಡೆಯೂ ಸರಿ ಮಾಡಿದೆವು. ಅವರು ಒಂದು ಮಾತೂ ಅನ್ನಲಿಲ್ಲ. ಮುಗಿದ ಮೇಲೆ "ಇವತ್ತೇ ಸಿಕ್ಕಿದ್ದು ಒಳ್ಳೇದಾಯ್ತು. ಲೇಬಲ್ ಹಚ್ಚಿದ ಮೇಲೆ ಸಿಕ್ಕಿದ್ದರೆ ಇನ್ನೂ ಕಷ್ಟ" ಅಂದರು ಅಷ್ಟೇ.

ಕಂಪ್ಯೂಟರ್‌ಗೆ ವಿವರ ತುಂಬುವಾಗ ಪುಸ್ತಕದ ಹಿಂದಿನ ಗುರುತಿನ ಸಂಖ್ಯೆ ಐಎಸ್‌ಬಿಎನ್ ಬಹಳ ಉಪಯೋಗಕ್ಕೆ ಬಂತು. 2007ರ ಜನವರಿಯಿಂದ ಇದು 13 ಅಂಕಿ, ಮೊದಲು 10 ಇತ್ತು. ಕೊನೆಯ ಅಂಕಿ ಕಾವಲಿನದು. ಎಡದಿಂದ ಮೊದಲ ಅಂಕಿಯನ್ನು 1ರಿಂದ, ಎರಡನೆಯದನ್ನು 3ರಿಂದ, ಮತ್ತೆ 1, ಮತ್ತೆ 3 ಹೀಗೆ ಗುಣಿಸಿ ಎಲ್ಲ ಕೂಡಿಸಿದರೆ ಮೊತ್ತ 10ರಿಂದ ನಿಶ್ಶೇಷವಾಗಿ ಭಾಗ ಹೋಗಬೇಕು. ಒಂದು ಅಂಕಿ ತಪ್ಪಿದರೂ ಲೆಕ್ಕ ಕೂಡುವುದಿಲ್ಲ. ಕಂಪ್ಯೂಟರ್ ಎರಡು ಸಲ ನಂಬರ್ ಒಪ್ಪದಿದ್ದಾಗ ನಾನು ಕಾಗದದ ಮೇಲೆ ಗುಣಿಸಿ ನೋಡಿದೆ. ಒಂದು ಸಲ ನಾನೇ 8ರ ಬದಲು 3 ಒತ್ತಿದ್ದೆ. ಇನ್ನೊಂದು ಸಲ ಪುಸ್ತಕದ ಮೇಲೇ ತಪ್ಪು ಅಚ್ಚಾಗಿತ್ತು.

ವಿವರ ಬರೆಯುವಾಗ ಮೇಡಂ ಬಹಳ ಎಚ್ಚರಿಕೆ ವಹಿಸುತ್ತಿದ್ದದ್ದು ಲೇಖಕರ ಹೆಸರಿನ ಬಗ್ಗೆ. ಒಬ್ಬರೇ ಲೇಖಕರು ಒಂದು ಪುಸ್ತಕದಲ್ಲಿ ಪೂರ್ತಿ ಹೆಸರು ಹಾಕಿಕೊಂಡಿರುತ್ತಾರೆ, ಇನ್ನೊಂದರಲ್ಲಿ ಇನಿಷಿಯಲ್ ಮಾತ್ರ, ಮತ್ತೊಂದರಲ್ಲಿ ಕಾವ್ಯನಾಮ. ಮೂರನ್ನೂ ಬೇರೆ ಬೇರೆಯಾಗಿ ತುಂಬಿದರೆ ಹುಡುಕುವವರಿಗೆ ಮೂರು ಜನ ಕಾಣುತ್ತಾರೆ. ಯಾವುದಾದರೂ ಒಂದು ಹೆಸರನ್ನು ಗಟ್ಟಿ ಮಾಡಿಕೊಂಡು ಉಳಿದ ಹೆಸರುಗಳಿಂದ ಅಲ್ಲಿಗೆ ದಾರಿ ತೋರಿಸಬೇಕು. ಹಾಗೆಯೇ ಮರುಮುದ್ರಣ ಬೇರೆ, ಹೊಸ ಆವೃತ್ತಿ ಬೇರೆ. ಮರುಮುದ್ರಣದಲ್ಲಿ ಒಳಗಿನದು ಬದಲಾಗಿರುವುದಿಲ್ಲ, ಆವೃತ್ತಿ ಅಂದರೆ ತಿದ್ದಿದ್ದಾರೆ, ಸೇರಿಸಿದ್ದಾರೆ ಅಂತ. ಎರಡನ್ನೂ ಒಂದೇ ಅಂತ ಬರೆದಿರುವ ಪುಸ್ತಕಗಳೂ ಇದ್ದವು. ಮುನ್ನುಡಿ ಓದಿಯೇ ತೀರ್ಮಾನ ಮಾಡಬೇಕಾಯಿತು.

ಇನ್ನು ವರ್ಗೀಕರಣ. ಈ ಹದಿಮೂರು ದಿನದಲ್ಲಿ ನನಗೆ ಅತಿ ಇಷ್ಟವಾದ ದಿನಗಳು ಇವೇ.

ನಾನು ಓದುಗನಾಗಿ ಪುಸ್ತಕದ ಬೆನ್ನಿನ ಮೇಲಿನ ಅಂಕಿಗಳನ್ನು ಯಾವತ್ತೂ ನೋಡಿ ಸುಮ್ಮನಾಗಿದ್ದವನು. ಅದು ದಶಮಾಂಶ ಪದ್ಧತಿ. ಅಮೆರಿಕದ ಮೆಲ್ವಿಲ್ ಡ್ಯೂಯಿ 1876ರಲ್ಲಿ ಪ್ರಕಟಿಸಿದ್ದು. ತಿಳಿವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತು, ಅದನ್ನು ಮತ್ತೆ ಹತ್ತು. 500 ವಿಜ್ಞಾನ, ಅದರಲ್ಲಿ 590 ಪ್ರಾಣಿಗಳು, ಅದರಲ್ಲಿ 598 ಹಕ್ಕಿಗಳು. 800 ಸಾಹಿತ್ಯ. ಕನ್ನಡ ಸಾಹಿತ್ಯಕ್ಕೆ ಸಿಕ್ಕಿರುವುದು 894.814. ನಾನು ಇಷ್ಟು ವರ್ಷ ಕೈಯಾಡಿಸಿದ ಕಪಾಟಿನ ಅಂಕಿಗೆ ಅರ್ಥ ಇದೆ ಅಂತ ಗೊತ್ತಾದಾಗ ಎಷ್ಟು ಖುಷಿಯಾಯಿತು ಅಂದರೆ, ಎದ್ದು ಹೋಗಿ ಆ ಕಪಾಟಿನ ಮುಂದೆ ನಿಂತು ಒಂದೊಂದೇ ಬೆನ್ನು ಓದಿದೆ. ಇಂಗ್ಲಿಷ್ ಸಾಹಿತ್ಯಕ್ಕೆ 820 ಅಂತ ಮೂರೇ ಅಂಕಿ, ನಮ್ಮದಕ್ಕೆ ಆರು. ಆ ಕಾಲದಲ್ಲಿ ಆ ದೇಶದಲ್ಲಿ ಕೂತು ಹಂಚಿದವರಿಗೆ ನಮ್ಮ ಭಾಷೆಗಳು ದೂರದಲ್ಲಿ ಕಂಡವು. ಅದು ನ್ಯಾಯ ಅಲ್ಲ ಅಂತಲೇ ನನ್ನ ಅನಿಸಿಕೆ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್. ಆರ್. ರಂಗನಾಥನ್ 1933ರಲ್ಲಿ ಕೋಲನ್ ವರ್ಗೀಕರಣ ಅಂತ ಬೇರೆಯೇ ಪದ್ಧತಿ ತಂದರು. ಒಂದು ವಿಷಯಕ್ಕೆ ಹಲವು ಮುಖ ಇರುತ್ತವೆ, ಆ ಮುಖಗಳನ್ನೆಲ್ಲ ಜೋಡಿಸಿ ಅಂಕಿ ಕಟ್ಟಬೇಕು ಅನ್ನುವುದು ಅದರ ತಿರುಳು. ನಮ್ಮಲ್ಲಿ ಬಳಸುವುದು ಡ್ಯೂಯಿಯದನ್ನೇ. ಆದರೆ ಮೇಡಂ ಯೋಚನೆ ಮಾಡುವುದು ರಂಗನಾಥನ್ ಹಾಗೆ ಅನ್ನುವುದು ಒಂದು ಪುಸ್ತಕದ ವಿಷಯದಲ್ಲಿ ನನಗೆ ಕಂಡಿತು.

ಅದು ನದಿಯ ಪುಸ್ತಕ. ಬರೆದವರು ಒಂದು ನದಿಯ ದಂಡೆ ಹಿಡಿದು ಹುಟ್ಟಿದ ಜಾಗದಿಂದ ಸಮುದ್ರದವರೆಗೆ ನಡೆದಿದ್ದಾರೆ. ಹಾಗಾದರೆ ಪ್ರವಾಸ, 910ರ ಕಡೆ. ಆದರೆ ಅರ್ಧ ಪುಸ್ತಕದಲ್ಲಿ ನದಿ ಹೇಗೆ ಮಣ್ಣು ಕೊರೆಯುತ್ತದೆ, ಹೇಗೆ ತಿರುವು ಬದಲಿಸುತ್ತದೆ ಅನ್ನುವ ವಿವರ. ಹಾಗಾದರೆ ಭೂವಿಜ್ಞಾನ, 551. ದಂಡೆಯ ಮೇಲೆ ಸಿಕ್ಕ ಮೀನುಗಾರರ, ದೋಣಿಯವರ ಬದುಕು ತುಂಬ ಇದೆ, ಸಮಾಜ ಅನ್ನಬಹುದು. ಬರವಣಿಗೆ ಮಾತ್ರ ಕವಿತೆಯ ಹಾಗೆ. ನಾನು ಸಾಹಿತ್ಯದಲ್ಲೇ ಇಡೋಣ ಅಂದೆ.

ಮೇಡಂ ಪುಸ್ತಕವನ್ನು ಮನೆಗೆ ತೆಗೆದುಕೊಂಡು ಹೋದರು. ಮರುದಿನ ಬಂದು, "ಇದನ್ನು ಯಾರು ಹುಡುಕಿಕೊಂಡು ಬರ್ತಾರೆ, ಬಂದವರು ಎಲ್ಲಿ ನಿಲ್ತಾರೆ ಅಂತ ಯೋಚಿಸಿ" ಅಂದರು. ಪರೀಕ್ಷೆಗೆ ಓದುವವರು ಭೂವಿಜ್ಞಾನದ ಮುಂದೆ ನಿಲ್ಲುತ್ತಾರೆ, ಅವರಿಗೆ ಬೇಕಾದದ್ದು ಇದರಲ್ಲಿ ಪೂರ್ತಿ ಸಿಗುವುದಿಲ್ಲ. ಸಾಹಿತ್ಯದ ಸಾವಿರಾರು ಪುಸ್ತಕಗಳ ನಡುವೆ ಇಟ್ಟರೆ ಲೇಖಕರ ಹೆಸರು ಗೊತ್ತಿರುವವರಿಗೆ ಮಾತ್ರ ಸಿಗುತ್ತದೆ. ಇವರು ಹೊಸಬರು, ಹೆಸರು ಯಾರಿಗೂ ಗೊತ್ತಿಲ್ಲ. ಪ್ರವಾಸದ ಕಪಾಟು ಚಿಕ್ಕದು. ಅಲ್ಲಿಗೆ ಬರುವವರು ಗುರಿ ಇಟ್ಟುಕೊಂಡು ಬರುವುದಿಲ್ಲ, ಸುಮ್ನೆ ಬೆನ್ನುಗಳ ಮೇಲೆ ಕಣ್ಣಾಡಿಸುತ್ತಾ ನಿಲ್ಲುತ್ತಾರೆ. ಅಂಥವರ ಕಣ್ಣಿಗೆ ಇದು ಬೀಳಬೇಕು. ಹಾಗೆ ಅದು 910ಕ್ಕೆ ಹೋಯಿತು. ಕಂಪ್ಯೂಟರ್‌ನಲ್ಲಿ ನದಿ ಅಂತಲೂ, ಮೀನುಗಾರರು ಅಂತಲೂ ಹುಡುಕಿದರೆ ಸಿಗುವ ಹಾಗೆ ವಿಷಯ ಪದಗಳನ್ನು ಸೇರಿಸಿದರು.

ಒಂದು ಪುಸ್ತಕಕ್ಕೆ ಒಂದೂವರೆ ದಿನ. ನಾನು ಲೆಕ್ಕ ಹಾಕಲಿಲ್ಲ, ಅವರೂ ಹಾಕಲಿಲ್ಲ. ರಂಗನಾಥನ್ 1931ರಲ್ಲಿ ಬರೆದ ಗ್ರಂಥಾಲಯದ ಐದು ಸೂತ್ರಗಳ ಪೈಕಿ ಮೂರನೆಯದು ಪ್ರತಿ ಪುಸ್ತಕಕ್ಕೂ ಅದರ ಓದುಗ ಅನ್ನುತ್ತದೆ. ನಾವೆಲ್ಲ ನಮಗೆ ಬೇಕಾದ ಪುಸ್ತಕ ಹುಡುಕುತ್ತೇವೆ. ಪುಸ್ತಕದ ಪರವಾಗಿ ಓದುಗನನ್ನು ಹುಡುಕುವವರೂ ಒಬ್ಬರು ಇರಬೇಕಲ್ವಾ? ಯಾರೂ ಹೆಸರು ಕೇಳದ ಆ ನದಿ ನಡಿಗೆಯವರ ಪರವಾಗಿ ಒಬ್ಬರು ರಾತ್ರಿ ಕೂತು ಯೋಚಿಸಿದ್ದನ್ನು ನಾನು ಕಣ್ಣಾರೆ ನೋಡಿದೆ.

ಹತ್ತನೇ ದಿನ ಲೇಬಲ್ ಕೆಲಸ. ಬೆನ್ನಿನ ಕೆಳಗೆ ಕಾಲ್ ನಂಬರ್, ಅಂದರೆ ಪುಸ್ತಕದ ಜಾಗ ತಿಳಿಸುವ ವರ್ಗೀಕರಣದ ಅಂಕಿ ಇರುವ ಚೀಟಿ, ಅದರ ಕೆಳಗೆ ಲೇಖಕರ ಹೆಸರಿನ ಮೊದಲ ಅಕ್ಷರಗಳು. ಎಲ್ಲ ಪುಸ್ತಕದಲ್ಲೂ ಒಂದೇ ಎತ್ತರಕ್ಕೆ ಬರಲಿ ಅಂತ ಅಣ್ಣ ರಟ್ಟಿನ ಒಂದು ಅಳತೆಪಟ್ಟಿ ಮಾಡಿಟ್ಟಿದ್ದಾರೆ. ಅದನ್ನು ಪಕ್ಕದಲ್ಲಿಟ್ಟು ಹಚ್ಚಿದರೆ ಕಪಾಟಿನಲ್ಲಿ ಲೇಬಲ್‌ಗಳು ಒಂದೇ ಗೆರೆಯಲ್ಲಿ ನಿಲ್ಲುತ್ತವೆ, ಕಣ್ಣು ಓಡುವುದಕ್ಕೆ ಸಲೀಸು. ಬೆಳಗ್ಗೆ ಬೇಗ ಹೋಗಿ ನಾನೊಬ್ಬನೇ ಅರವತ್ತು ಪುಸ್ತಕಕ್ಕೆ ಹಚ್ಚಿದೆ. ಮಧ್ಯಾಹ್ನ ನೋಡಿದರೆ ಅರ್ಧಕ್ಕರ್ಧ ಲೇಬಲ್‌ಗಳ ಅಂಚು ಎದ್ದಿವೆ. ಕಾರಣ ಅದೇ ಚಳಿ. ತಣ್ಣಗಿರುವಾಗ ಲೇಬಲ್‌ನ ಅಂಟು ಗಡುಸಾಗಿರುತ್ತದೆ, ಹರಡಿ ಹಿಡಿದುಕೊಳ್ಳುವುದಿಲ್ಲ. ಬೆನ್ನು ಬೇರೆ ಗುಂಡಗಿರುತ್ತದೆ.

ಅಣ್ಣ ಎದ್ದವನ್ನೆಲ್ಲ ಮೆಲ್ಲಗೆ ಬಿಡಿಸಿದರು. ಹೊಸ ಲೇಬಲ್‌ಗಳ ಹಾಳೆಯನ್ನು ಬಿಸಿಲು ಬೀಳುವ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಇಟ್ಟರು. ಬೆನ್ನನ್ನು ಒಣ ಬಟ್ಟೆಯಿಂದ ಒರೆಸಿ, ಲೇಬಲ್ ಹಚ್ಚಿ, ಅಂಗೈಯಿಂದ ಮುಚ್ಚಿ ಹಿಡಿದು ಹತ್ತು ಎಣಿಸಿದರು. ಅಂಗೈ ಬಿಸಿ ಸಾಕು ಅಂದರು. ಆಮೇಲೆ ಮೇಲೊಂದು ಪಾರದರ್ಶಕ ಟೇಪ್. ಹೀಗೆ ಹಚ್ಚಿದ್ದು ಒಂದೂ ಏಳಲಿಲ್ಲ. ಅವತ್ತಿನಿಂದ ಬೆಳಗ್ಗೆ ಬಾರ್‌ಕೋಡ್ ಮತ್ತು ವಾಪಸ್ ತಾರೀಖಿನ ಚೀಟಿ, ಮಧ್ಯಾಹ್ನ ಬಿಸಿಲೇರಿದ ಮೇಲೆ ಲೇಬಲ್ ಅಂತ ಮಾಡಿಕೊಂಡೆವು.

ಕಪಾಟಿನಲ್ಲಿ ಜಾಗ ಮಾಡುವುದು ಎರಡು ದಿನದ ಕೆಲಸ. ಒಂದು ಸಾಲಿಗೆ ಹತ್ತು ಪುಸ್ತಕ ಸೇರಬೇಕು ಅಂದರೆ ಅಲ್ಲಿಂದ ಮುಂದಿನ ಎಲ್ಲ ಸಾಲುಗಳೂ ಸ್ವಲ್ಪ ಸ್ವಲ್ಪ ಸರಿಯಬೇಕು. ಪೂರ್ತಿ ತುಂಬಬಾರದು. ಬಿಗಿಯಾಗಿ ತುರುಕಿದರೆ ಎಳೆಯುವವರು ಬೆನ್ನಿನ ತಲೆಗೆ ಬೆರಳು ಹಾಕಿ ಎಳೆಯುತ್ತಾರೆ, ಅಲ್ಲೇ ಹರಿಯುತ್ತದೆ. ಅಕ್ಕಪಕ್ಕದ ಎರಡನ್ನು ಒಳಕ್ಕೆ ತಳ್ಳಿ, ಬೇಕಾದದ್ದನ್ನು ನಡುಬೆನ್ನಲ್ಲಿ ಹಿಡಿದು ತೆಗೆಯಬೇಕು. ಹಾಗೆ ತೆಗೆಯಲು ಜಾಗ ಬೇಕಲ್ಲ. ಹಳೆಯ ಪುಸ್ತಕಗಳ ಹಿಂದೆ ಒಂದೆರಡು ಬೆಳ್ಳಿಮೀನು ಓಡಿದವು. ಕಾಗದ ತಿನ್ನುವ ಆ ಹುಳ ತೇವ ಇರುವ ಕಡೆ ಜಾಸ್ತಿ. ಆ ಕಪಾಟನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದೆವು.

ತಪ್ಪು ಜಾಗದಲ್ಲಿ ಕೂತಿದ್ದ ಪುಸ್ತಕಗಳೂ ಈ ಕೆಲಸದಲ್ಲಿ ಸಿಕ್ಕವು. ಒಂದು ಪುಸ್ತಕ ನಾಲ್ಕು ವರ್ಷದಿಂದ ಕಳೆದಿದೆ ಅಂತ ರಿಜಿಸ್ಟರ್‌ನಲ್ಲಿತ್ತು. ಅದು ಅಲ್ಲೇ ಇತ್ತು, ಎರಡು ಕಪಾಟು ಆಚೆ. ಯಾರೋ ಓದಿ ತೋಚಿದ ಕಡೆ ಇಟ್ಟಿದ್ದಾರೆ. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಮೇಡಂ ಮುಂದೆ ಇಟ್ಟರು. ಅವತ್ತು ಅವರಿಬ್ಬರ ಸಂತೋಷ ನೋಡಬೇಕಿತ್ತು. ನಾನೂ ಎಷ್ಟೋ ಸಲ ಪುಸ್ತಕ ತೆಗೆದು ನೋಡಿ ಖಾಲಿ ಕಂಡ ಕಡೆ ತುರುಕಿದ್ದೇನೆ. ಈಗ ಮೇಜಿನ ಮೇಲೆ ಬಿಟ್ಟು ಬರುತ್ತೇನೆ. ಜಾಗ ಗೊತ್ತಿರುವವರು ಇಡುತ್ತಾರೆ.

ಹದಿಮೂರನೇ ದಿನ ಬಾಗಿಲ ಎದುರಿನ ಮೇಜಿನ ಮೇಲೆ ಹೊಸ ಪುಸ್ತಕಗಳನ್ನು ಮುಖ ಕಾಣುವ ಹಾಗೆ ನಿಲ್ಲಿಸಿದೆವು. ಎಲ್ಲ ಹಿಡಿಸುವುದಿಲ್ಲ, ಕೆಲವು ಮಾತ್ರ. ಉಳಿದವು ಕಪಾಟಿಗೆ ಹೋದವು. ನದಿಯ ಪುಸ್ತಕವನ್ನು ಮೇಜಿಗೆ ಇಡಬೇಕೆಂದು ನನಗಿತ್ತು. ಮೇಡಂ ಬೇಡ ಅಂದರು. "ಅದರ ಜಾಗದಲ್ಲಿ ಇರಲಿ, ನೋಡೋಣ."

ಸಂಜೆ ಚಳಿಗೆ ಶಾಲು ಹೊದ್ದುಕೊಂಡು ಬಂದವರು, ಶಾಲೆಯಿಂದ ನೇರ ಬಂದ ಮಕ್ಕಳು, ಎಲ್ಲರೂ ಮೇಜಿನ ಸುತ್ತ ನಿಂತರು. ಒಬ್ಬ ಪುಟ್ಟ ಹುಡುಗಿ "ಮೇಡಂ, ಮುಟ್ಟಬಹುದಾ?" ಅಂತ ಕೇಳಿದಳು. "ಮುಟ್ಟೋಕೇ ಇಟ್ಟಿರೋದು ಪುಟ್ಟಿ" ಅಂದರು. ಅವಳು ಹಕ್ಕಿಗಳ ಪುಸ್ತಕ ಎತ್ತಿಕೊಂಡಳು. ಕೌಂಟರ್‌ನಲ್ಲಿ ಅಣ್ಣ ಅದರ ಹಿಂದಿನ ಖಾಲಿ ಚೀಟಿಯ ಮೊದಲ ಸಾಲಿಗೆ ತಾರೀಖು ಒತ್ತಿದರು. ಒತ್ತಿ, ಮುಚ್ಚುವ ಮೊದಲು ಶಾಯಿ ಆರಲಿ ಅಂತ ಬಾಯಿಂದ ಊದಿದರು. ಗಣಿತದ ಪುಸ್ತಕ ಕೇಳಿದ್ದ ಹುಡುಗಿಯೂ ಬಂದಿದ್ದಳು. ಕಳುಹಿಸಿದವರು ಬಿಟ್ಟುಹೋದ ಎರಡನ್ನೂ ಕಳಿಸುತ್ತೇವೆ ಅಂತ ಬರೆದಿದ್ದ ವಿಷಯವನ್ನು ಮೇಡಂ ಅವಳಿಗೆ ತೋರಿಸಿದರು.

ನನ್ನ ರಜೆ ಮುಗಿದಿತ್ತು. ಮುಂದಿನ ವಾರ ಓದುಗನಾಗಿಯೇ ಹೋದೆ. ನೇರ ಪ್ರವಾಸದ ಕಪಾಟಿಗೆ. ನದಿಯ ಪುಸ್ತಕ ಇದ್ದ ಜಾಗ ಖಾಲಿ ಇತ್ತು. ಯಾರಾದರೂ ತಪ್ಪು ಕಡೆ ಇಟ್ಟಿದ್ದಾರಾ ಅಂತ ಮೇಲೆ ಕೆಳಗೆ, ಅಕ್ಕಪಕ್ಕ ಎಲ್ಲ ನೋಡಿದೆ. ಇರಲಿಲ್ಲ. ಕೌಂಟರ್‌ಗೆ ಹೋಗಿ ಕೇಳಿದೆ. ಅಣ್ಣ ಕಂಪ್ಯೂಟರ್ ನೋಡಿ, "ಮೊನ್ನೆ ಹೋಗಿದೆ ಸರ್. ಹದಿನೈದು ದಿನ ಬಿಟ್ಟು ಬನ್ನಿ" ಅಂದರು. ತೆಗೆದುಕೊಂಡವರು ಯಾರು ಅಂತ ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ.

ಅದು ವಾಪಸ್ ಬಂದಾಗ ನನಗೆ ಅಂತ ಹೆಸರು ಬರೆಸಿ ಬಂದೆ.